ಕೇಳಿ, ಹೇಳ್ತೇವೆ: ಮಹಿಳಾ ಫುಟ್‌ಬಾಲ್‌ನ ಮೊದಲ ವಿಶ್ವಕಪ್ ಯಾವುದು?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಮಹಿಳಾ ವಿಶ್ವಕಪ್ ಬಗ್ಗೆ ಎರಡು ಸಾಲು ಬರೆದು ಮುಗಿಸಿದ್ದೆ. ಅಷ್ಟಕ್ಕೇ ಎಷ್ಟು ಪತ್ರ, ಎಷ್ಟು ವಾಟ್ಸ್ಯಾಪ್ ಬಂದವು ಅಂದ್ರೆ ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಗ್ಯಾಸ್ ಸಬ್ಸಿಡಿ, ಪಿಂಚಣಿ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಸುಧಾರಿಸಿಕೊಳ್ಳಿ.

ಪ್ರಶ್ನೆ: ಕಾಲೇಜಿನ ಕ್ವಿಜ್‌ನಲ್ಲಿ "ಮಹಿಳೆಯರ ಮೊದಲ ಫುಟ್‌ಬಾಲ್ ವಿಶ್ವಕಪ್ ನಡೆದದ್ದು ಯಾವ ದೇಶದಲ್ಲಿ" ಅಂತ ಕೇಳಿದರು. ನಾನು ಮೆಕ್ಸಿಕೊ ಅಂದೆ. ತಪ್ಪು, ಚೀನಾ ಅಂತ ಅಂಕ ಕೊಡಲಿಲ್ಲ. ಯಾರದ್ದು ಸರಿ ಸರ್?
ಡಿಗ್ರಿ ವಿದ್ಯಾರ್ಥಿನಿ, ಸುರತ್ಕಲ್

ಕ್ವಿಜ್ ನಡೆಸಿದವರ ಕೈಯಲ್ಲಿದ್ದ ಉತ್ತರ 1991, ಚೀನಾ. ಜಗತ್ತಿನ ಫುಟ್‌ಬಾಲ್ ನೋಡಿಕೊಳ್ಳುವ ಸಂಸ್ಥೆ ಫಿಫಾ ನಡೆಸಿದ ಮೊದಲ ವಿಶ್ವಕಪ್ ಅದು, ಅದರಲ್ಲಿ ತಕರಾರಿಲ್ಲ. ಆದರೆ ಪ್ರಶ್ನೆಯಲ್ಲಿ ಫಿಫಾ ಹೆಸರೇ ಇರಲಿಲ್ಲ ಅಂದ ಮೇಲೆ ನಿಮ್ಮದೂ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಯಾಕೆ ಅಂದ್ರೆ ಮೆಕ್ಸಿಕೊದ್ದು ಎರಡನೆಯದು. ಮೊದಲನೆಯದು ಅದಕ್ಕೂ ಒಂದು ವರ್ಷ ಹಿಂದೆ, 1970ರ ಜುಲೈಯಲ್ಲಿ ಇಟಲಿಯಲ್ಲಿ ನಡೆದಿತ್ತು. ದುಡ್ಡು ಹಾಕಿದ್ದು ಮಾರ್ಟಿನಿ ಮದ್ಯದ ಕಂಪನಿ. ಟ್ಯೂರಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಡೆನ್ಮಾರ್ಕ್ ಇಟಲಿಯನ್ನು 2-0ರಿಂದ ಸೋಲಿಸಿತು. ಡೆನ್ಮಾರ್ಕ್ ಅಂತ ಹೆಸರಿಗೆ ಹೇಳುವುದು, ಹೋಗಿದ್ದದ್ದು ಕೋಪನ್‌ಹೇಗನ್‌ನ ಫೆಮಿನಾ ಎಂಬ ಕ್ಲಬ್‌ನ ಹುಡುಗಿಯರು.

ಈಗ ನಿಮ್ಮ ಮೆಕ್ಸಿಕೊಗೆ ಬರೋಣ. ಅದರ ಕಥೆಯೇ ಬೇರೆ. 1970ರಲ್ಲಿ ಗಂಡಸರ ವಿಶ್ವಕಪ್ ಅಲ್ಲೇ ಆಗಿತ್ತು, ಪೆಲೆ ಕಪ್ ಎತ್ತಿದ ಅಜ್ಟೆಕಾ ಸ್ಟೇಡಿಯಂ ಇನ್ನೂ ಹೊಸದು, ಜನರಿಗೆ ಫುಟ್‌ಬಾಲ್ ಹುಚ್ಚು ಇಳಿದಿರಲಿಲ್ಲ. ಮರುವರ್ಷ ಆಗಸ್ಟ್–ಸೆಪ್ಟೆಂಬರಿನಲ್ಲಿ ಆರು ತಂಡ ಸೇರಿಸಿದರು: ಮೆಕ್ಸಿಕೊ, ಅರ್ಜೆಂಟೀನಾ, ಇಂಗ್ಲೆಂಡ್, ಡೆನ್ಮಾರ್ಕ್, ಫ್ರಾನ್ಸ್, ಇಟಲಿ. ಗೋಲ್ ಪೋಸ್ಟ್‌ಗಳಿಗೆ ಗುಲಾಬಿ ಮತ್ತು ಬಿಳಿ ಬಣ್ಣ ಬಳಿದರು. ಹೆಂಗಸರ ಆಟ ಅಲ್ವಾ, ಅದಕ್ಕೆ ಗುಲಾಬಿ! ಸೊಚಿತ್ಲ್ ಎಂಬ ಎರಡು ಜಡೆಯ ಹುಡುಗಿ ಲಾಂಛನ. ನೋಡಿದರೆ ನಗು ಬರುತ್ತದೆ ನಿಜ, ಆದರೆ ಜನ ಗುಲಾಬಿ ಕಂಬ ನೋಡಲು ಬಂದದ್ದಲ್ಲ. ಫೈನಲ್‌ಗೆ ಸುಮಾರು 1,10,000 ಮಂದಿ ಸೇರಿದ್ದರು. ಇಷ್ಟು ಜನ ಮಹಿಳಾ ಫುಟ್‌ಬಾಲ್ ಪಂದ್ಯವೊಂದಕ್ಕೆ ಆಮೇಲೆ ಎಲ್ಲೂ ಸೇರಿಲ್ಲ.

ಫೈನಲ್‌ಗೆ ಮೊದಲು ಮೆಕ್ಸಿಕೊ ಹುಡುಗಿಯರು ಒಂದು ಕೆಲಸ ಮಾಡಿದರು. ಟಿಕೆಟ್ ದುಡ್ಡು, ಜಾಹೀರಾತಿನ ದುಡ್ಡು ಎಲ್ಲ ಸಂಘಟಕರ ಜೇಬಿಗೆ ಹೋಗುತ್ತಿದೆ, ಬೆವರು ಸುರಿಸುವವರು ನಾವು, ನಮ್ಮ ಪಾಲೆಲ್ಲಿ ಅಂತ ಕೇಳಿದರು. ಕೊಡದಿದ್ದರೆ ಆಡುವುದಿಲ್ಲ ಅಂದರು. 1971ರಲ್ಲಿ! ಪತ್ರಿಕೆಗಳು ಅವರನ್ನೇ ಆಡಿಕೊಂಡವು. ಕೊನೆಗೆ ಬರಿಗೈಯಲ್ಲೇ ಮೈದಾನಕ್ಕಿಳಿದರು, ಡೆನ್ಮಾರ್ಕ್ 3-0ರಿಂದ ಗೆದ್ದಿತು. ಮೂರೂ ಗೋಲು ಹೊಡೆದದ್ದು ಸುಸಾನ್ ಆಗಸ್ಟೆಸೆನ್. ವಯಸ್ಸು 15. ನಮ್ಮಲ್ಲಾದರೆ ಎಸ್ಸೆಸ್ಸೆಲ್ಸಿ ಟ್ಯೂಷನ್‌ಗೆ ಹೋಗುವ ಪ್ರಾಯ.

ಇಂಗ್ಲೆಂಡ್ ತಂಡದಲ್ಲಿ ಇನ್ನೂ ಚಿಕ್ಕವಳಿದ್ದಳು, ಲೀಯಾ ಕೇಲೆಬ್, 13 ವರ್ಷ. ಅರ್ಜೆಂಟೀನಾದವರು ಕೋಚ್ ಇಲ್ಲದೆ, ಡಾಕ್ಟರ್ ಇಲ್ಲದೆ ಬಂದು ಇಂಗ್ಲೆಂಡನ್ನು 4-1ರಿಂದ ಬಡಿದರು. ನಾಲ್ಕೂ ಗೋಲು ಎಲ್ಬಾ ಸೆಲ್ವಾ ಅವರದ್ದು. ಆ ಪಂದ್ಯ ನಡೆದ ಆಗಸ್ಟ್ 21ನ್ನು ಅರ್ಜೆಂಟೀನಾದಲ್ಲಿ ಈಗ ಫುಟ್‌ಬಾಲ್ ಆಟಗಾರ್ತಿಯರ ದಿನ ಅಂತ ಆಚರಿಸುತ್ತಾರೆ. ಅದೇ ಇಂಗ್ಲೆಂಡ್ ತಂಡ ಊರಿಗೆ ಮರಳಿದಾಗ ಸಿಕ್ಕಿದ್ದು ಹಾರ ಅಲ್ಲ, ಅನುಮತಿ ಇಲ್ಲದೆ ಹೋದದ್ದಕ್ಕೆ ನಿಷೇಧ.

ಅಷ್ಟು ಜನ ನೋಡಿದ ಟೂರ್ನಿ ದಾಖಲೆಯಲ್ಲಿ ಯಾಕಿಲ್ಲ ಅಂದ್ರೆ, ಫಿಫಾ ಅದನ್ನು ನಡೆಸಲಿಲ್ಲ, ಹಾಗಾಗಿ ಲೆಕ್ಕಕ್ಕೂ ಹಿಡಿಯಲಿಲ್ಲ. ತಾನು ನಡೆಸಿದ ದಿನದಿಂದ ಇತಿಹಾಸ ಶುರು ಅಂತ ಫಿಫಾ ಇಟ್ಟುಕೊಂಡಿದೆ, ಕ್ವಿಜ್ ಪುಸ್ತಕದವರು ಅದನ್ನೇ ಇಳಿಸಿಕೊಂಡಿದ್ದಾರೆ. ನನ್ನ ಕೇಳಿದರೆ ಅರ್ಧ ಅಂಕ ಕೊಡಬೇಕಿತ್ತು.

ಪ್ರಶ್ನೆ: ಪುರುಷರ ವಿಶ್ವಕಪ್ 1930ರಲ್ಲೇ ಶುರುವಾಯಿತು. ಹೆಂಗಸರದ್ದು 61 ವರ್ಷ ತಡ ಯಾಕೆ? ಹೆಂಗಸರು ಆಗ ಆಡುತ್ತಲೇ ಇರಲಿಲ್ಲವೇ?
ನಿವೃತ್ತ ಶಿಕ್ಷಕರು, ಕುಂದಾಪುರ

ಆಡುತ್ತಿದ್ದರು ಮೇಷ್ಟ್ರೇ. ಚೆನ್ನಾಗಿಯೇ ಆಡುತ್ತಿದ್ದರು. ಅದೇ ತೊಂದರೆ ಆದದ್ದು.

ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಗಂಡಸರು ಯುದ್ಧಕ್ಕೆ ಹೋದರು, ಫ್ಯಾಕ್ಟರಿ ಕೆಲಸ ಹೆಂಗಸರ ಕೈಗೆ ಬಂತು. ಪ್ರೆಸ್ಟನ್ ಊರಿನ ಡಿಕ್, ಕೆರ್ ಎಂಬ ಕಾರ್ಖಾನೆಯ ಕೆಲಸದವರು ಒಂದು ತಂಡ ಕಟ್ಟಿದರು. 1920ರ ಕ್ರಿಸ್ಮಸ್ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟಕ್ಕೆ 53,000 ಜನ ಬಂದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ಹೇಳಿದ್ದಲ್ಲ, ತನ್ನ ಸದಸ್ಯ ಕ್ಲಬ್‌ಗಳು ಅವರಿಗೆ ಮೈದಾನ ಕೊಡಬಾರದು ಅಂತ ಠರಾವು ಮಾಡಿತು. ಕಾರಣ ಏನೇ ಹೇಳಿರಲಿ, 53,000 ಜನರ ಗೇಟ್ ಕಲೆಕ್ಷನ್ ಅವರ ಕಣ್ಣು ಕುಕ್ಕಿದ್ದು ಅಂತ ನನ್ನ ಗುಮಾನಿ. ಆ ನಿಷೇಧ ಸುಮಾರು 50 ವರ್ಷ ನಡೆಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇಂಥದ್ದೇ ನಿಷೇಧ. ಬ್ರೆಜಿಲ್‌ನಲ್ಲಂತೂ ಸರ್ಕಾರವೇ 1941ರಲ್ಲಿ ಕಾನೂನು ಮಾಡಿ 1979ರವರೆಗೆ ತಡೆದಿತ್ತು. ಜಗತ್ತಿನ ದೊಡ್ಡ ಆಟಗಾರ್ತಿ ಮಾರ್ತಾ ಹುಟ್ಟಿದ ದೇಶ ಮಾರಾಯ್ರೆ ಅದು!

ಮೈದಾನ ಇಲ್ಲ, ರೆಫರಿ ಇಲ್ಲ, ಕೋಚ್ ಇಲ್ಲ. ಇಷ್ಟೆಲ್ಲ ಕಿತ್ತುಕೊಂಡ ಮೇಲೆ "ಹೆಂಗಸರ ಆಟದಲ್ಲಿ ಮಟ್ಟ ಇಲ್ಲ" ಅನ್ನುವುದು ಸುಲಭ.

ನಿಷೇಧ ತೆಗೆದ ಮೇಲೂ ನಡೆದದ್ದು ಆಮೆ ವೇಗದಲ್ಲಿ. ಯುರೋಪಿನವರು 1984ರಲ್ಲಿ ತಮ್ಮ ಮೊದಲ ಮಹಿಳಾ ಚಾಂಪಿಯನ್‌ಷಿಪ್ ಮುಗಿಸಿದರು. ಫೈನಲ್ ಎರಡು ಪಂದ್ಯದ್ದು, ಸ್ವೀಡನ್ ಮತ್ತು ಇಂಗ್ಲೆಂಡ್. ಮೊದಲನೆಯದನ್ನು ಸ್ವೀಡನ್ 1-0ರಿಂದ ಗೆದ್ದಿತು. ಎರಡನೆಯದು ಇಂಗ್ಲೆಂಡಿನ ಲೂಟನ್‌ನಲ್ಲಿ, ಮಳೆ ಬಂದು ಮೈದಾನ ನಮ್ಮ ಕಂಬಳದ ಗದ್ದೆಯ ಹಾಗಾಗಿತ್ತು. ಅದನ್ನು ಇಂಗ್ಲೆಂಡ್ 1-0ರಿಂದ ಗೆದ್ದು ಸಮ ಮಾಡಿತು, ಆದರೆ ಪೆನಾಲ್ಟಿಯಲ್ಲಿ ಸ್ವೀಡನ್ 4-3. ಕೊನೆಯ ಪೆನಾಲ್ಟಿ ಹೊಡೆದವರು ಪಿಯಾ ಸುಂಧಾಗೆ, ಮೊದಲ ಪಂದ್ಯದ ಗೋಲೂ ಅವರದ್ದೇ. ಮುಂದೆ ಅವರು ಅಮೆರಿಕದ ಕೋಚ್ ಆಗಿ ಎರಡು ಒಲಿಂಪಿಕ್ ಚಿನ್ನ ಗೆಲ್ಲಿಸಿಕೊಟ್ಟರು.

ಫಿಫಾವನ್ನು ಎಬ್ಬಿಸಿದ್ದು ನಾರ್ವೆಯ ಎಲೆನ್ ವಿಲ್ಲೆ. 1986ರಲ್ಲಿ ಮೆಕ್ಸಿಕೊ ನಗರದಲ್ಲಿ ಫಿಫಾ ಮಹಾಸಭೆ ನಡೆಯುತ್ತಿತ್ತು, ಕೋಟು ತೊಟ್ಟ ಗಂಡಸರಿಂದಲೇ ಸಭಾಂಗಣ ತುಂಬಿತ್ತು. ಅಲ್ಲಿ ವೇದಿಕೆಗೆ ಹೋಗಿ ನಿಮ್ಮ ವರದಿಯಲ್ಲಿ ಹೆಂಗಸರ ಆಟದ ಬಗ್ಗೆ ಏನಿದೆ, ನಮಗೂ ವಿಶ್ವಕಪ್ ಬೇಕು, ಒಲಿಂಪಿಕ್ಸ್‌ನಲ್ಲೂ ಜಾಗ ಬೇಕು ಅಂತ ನೇರವಾಗಿ ಕೇಳಿದರು. ಆಗಿನ ಅಧ್ಯಕ್ಷ ಹವೆಲಾಂಜ್ ಒಪ್ಪಿದರು, ಆದರೆ ಎಚ್ಚರಿಕೆಯಿಂದ. 1988ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ 12 ತಂಡ ಕರೆಸಿ ಒಂದು ಟ್ರಯಲ್ ಮಾಡಿದರು. ಗೆದ್ದದ್ದು ನಾರ್ವೆಯೇ, ಸ್ವೀಡನ್ ಮೇಲೆ 1-0. ಮೂರು ವರ್ಷ ಬಿಟ್ಟು ಅದೇ ಗುವಾಂಗ್‌ಡಾಂಗ್‌ನಲ್ಲಿ ನಿಜವಾದ ಟೂರ್ನಿ ನಡೆಯಿತು. ಆಗಲೂ ವಿಶ್ವಕಪ್ ಅಂತ ಕರೆಯಲು ಧೈರ್ಯ ಇರಲಿಲ್ಲ, ಚಾಕೊಲೇಟ್ ಕಂಪನಿಯ ಹೆಸರಿನಲ್ಲಿ ಎಂ ಅಂಡ್ ಎಂ'ಸ್ ಕಪ್ ಅಂತ ನಡೆಸಿದರು. ಅಮೆರಿಕ ನಾರ್ವೆಯನ್ನು 2-1ರಿಂದ ಸೋಲಿಸಿತು, ಎರಡೂ ಗೋಲು ಮಿಶೆಲ್ ಏಕರ್ಸ್‌ದು. ಟೂರ್ನಿಯಲ್ಲಿ ಅವರದ್ದು ಒಟ್ಟು 10.

ಪ್ರಶ್ನೆ: ಮಹಿಳೆಯರ ಫುಟ್‌ಬಾಲ್‌ನಲ್ಲಿ ಗೋಲು ಸಣ್ಣದಾ? ಸಮಯ ಕಡಿಮೆಯಾ? ನಮ್ಮ ರೂಮಿನಲ್ಲಿ ಇದೇ ಚರ್ಚೆ.
ಬಂದರು, ಮಂಗಳೂರು

ಈಗ ಎಲ್ಲ ಒಂದೇ. ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ, ಐದನೇ ನಂಬರ್ ಚೆಂಡು, 90 ನಿಮಿಷ. ಮೊದಲು ಹಾಗಿರಲಿಲ್ಲ. 1984ರ ಯುರೋಪ್ ಟೂರ್ನಿಯಲ್ಲಿ 70 ನಿಮಿಷ, ಚೆಂಡು ನಾಲ್ಕನೇ ನಂಬರಿನದ್ದು, ಮಕ್ಕಳಿಗೆ ಕೊಡುವಂಥದ್ದು. 1991ರಲ್ಲಿ 80 ನಿಮಿಷ. 90 ನಿಮಿಷ ಆಡಿದರೆ ನಮ್ಮ ಅಂಡಾಶಯ ಉದುರಿ ಬೀಳುತ್ತದೆ ಅಂತ ಅವರಿಗೆ ಹೆದರಿಕೆ ಇತ್ತು ಅಂತ ಅಮೆರಿಕದ ಆಗಿನ ನಾಯಕಿ ಏಪ್ರಿಲ್ ಹೈನ್ರಿಕ್ಸ್ ಆಮೇಲೆ ತಮಾಷೆ ಮಾಡಿದ್ದರು. 1995ರಿಂದ ವಿಶ್ವಕಪ್‌ನಲ್ಲಿ 90 ನಿಮಿಷ ಆಯಿತು. ಯಾರದ್ದೂ ಏನೂ ಉದುರಿಲ್ಲ.

ಪ್ರಶ್ನೆ: ಭಾರತದ ಹುಡುಗಿಯರು ಒಮ್ಮೆ ಏಷ್ಯಾ ಫೈನಲ್ ಆಡಿದ್ದಾರೆ, ಅದೂ ಇಲ್ಲೇ ಹತ್ತಿರ ಅಂತ ನಮ್ಮ ಮಾವ ಹೇಳ್ತಾರೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. ಹೌದಾ?
ಗೃಹಿಣಿ, ಉಳ್ಳಾಲ

ಮಾವನ ಹತ್ತಿರ ಎಲ್ಲರೂ ಕ್ಷಮೆ ಕೇಳಿ. ಒಮ್ಮೆ ಅಲ್ಲ, ಎರಡು ಸಲ ಆಡಿದ್ದಾರೆ. ಅದರಲ್ಲಿ ಒಂದು ನಡೆದದ್ದು ಕಲ್ಲಿಕೋಟೆಯಲ್ಲಿ. ಬೆಳಿಗ್ಗೆ ಮಂಗಳೂರು ಸೆಂಟ್ರಲ್‌ನಲ್ಲಿ ರೈಲು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಊರು.

ಏಷ್ಯಾದ ಮಹಿಳಾ ಚಾಂಪಿಯನ್‌ಷಿಪ್ ಶುರುವಾದದ್ದು 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ. ಮೊದಲ ಕಪ್ ಗೆದ್ದದ್ದು ನ್ಯೂಜಿಲೆಂಡ್! ಅದು ಏಷ್ಯಾ ಎಲ್ಲಿಂದ ಆಯಿತು ಅಂತ ಕೇಳಬೇಡಿ, ಆಗ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರು. ಇದನ್ನು ನಡೆಸುತ್ತಿದ್ದದ್ದೂ ಗಂಡಸರ ಒಕ್ಕೂಟ ಅಲ್ಲ, ಹೆಂಗಸರ ಫುಟ್‌ಬಾಲ್‌ಗೆಂದೇ ಕಟ್ಟಿಕೊಂಡ ಬೇರೆ ಒಕ್ಕೂಟ. ಭಾರತದಲ್ಲೂ ಹಾಗೆಯೇ, 1975ರಲ್ಲಿ ಮಹಿಳೆಯರಿಗೇ ಪ್ರತ್ಯೇಕ ಫೆಡರೇಷನ್ ಹುಟ್ಟಿತು.

1979ರ ಆವೃತ್ತಿ ಭಾರತಕ್ಕೆ ಸಿಕ್ಕಿ, 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆಯಿತು. ಭಾರತದಿಂದ ಎರಡು ತಂಡ ಇಳಿಸಿದರು, "ಎಸ್" ಮತ್ತು "ಎನ್" ಅಂತ. ಎಸ್ ತಂಡ ಫೈನಲ್‌ಗೆ ಬಂದು ತೈವಾನ್ ಎದುರು 0-2ರಿಂದ ಸೋತಿತು. ಮತ್ತೆ 1983ರಲ್ಲಿ ಬ್ಯಾಂಕಾಕ್‌ನಲ್ಲಿ ಫೈನಲ್, ಥಾಯ್ಲೆಂಡ್ ಎದುರು 0-3. ಆ ಕಾಲದ ತಂಡದ ಶಾಂತಿ ಮಲ್ಲಿಕ್ ಅವರಿಗೆ 1983ರ ಅರ್ಜುನ ಪ್ರಶಸ್ತಿ ಬಂತು. ಮಹಿಳಾ ಫುಟ್‌ಬಾಲ್‌ಗೆ ಅದು ಮೊದಲನೆಯದು.

ಆಮೇಲೆ ಏನಾಯಿತು? ಚೀನಾ ಬಂತು. 1986ರಿಂದ 1999ರವರೆಗೆ ಸತತ ಏಳು ಸಲ ಕಪ್ ಅವರದ್ದೇ. ಜಪಾನ್, ಕೊರಿಯಾದವರು ಶಾಲೆ, ಕಂಪನಿಗಳಿಂದ ಆಟಗಾರ್ತಿಯರನ್ನು ಬೆಳೆಸಿದರು. ನಮ್ಮಲ್ಲಿ ಪ್ರತ್ಯೇಕ ಫೆಡರೇಷನ್ ಮುಗಿದು 1990ರ ದಶಕದಲ್ಲಿ ಜವಾಬ್ದಾರಿ ದೊಡ್ಡ ಫೆಡರೇಷನ್‌ಗೆ ಹೋಯಿತು, ಹುಡುಗಿಯರ ಆಟ ಅಲ್ಲಿ ಮೂಲೆಗೆ ಸೇರಿತು. ಭಾರತ ಮತ್ತೆ ಏಷ್ಯಾ ಫೈನಲ್ ಮುಟ್ಟಿಲ್ಲ. ದಕ್ಷಿಣ ಏಷ್ಯಾದ ಸ್ಯಾಫ್ ಕಪ್‌ನ ಮೊದಲ ಐದನ್ನೂ (2010ರಿಂದ 2019) ಗೆದ್ದೆವು ನಿಜ, ಆಮೇಲೆ 2022, 2024 ಎರಡನ್ನೂ ಬಾಂಗ್ಲಾದೇಶದ ಹುಡುಗಿಯರು ಕೊಂಡುಹೋದರು.

2022ರಲ್ಲಿ ಏಷ್ಯಾ ಕಪ್ ಮುಂಬೈ, ನವಿ ಮುಂಬೈ, ಪುಣೆಯಲ್ಲೇ ನಡೆಯಿತು. ಇರಾನ್ ಜೊತೆ 0-0 ಆಡಿದ ಮೇಲೆ ತಂಡದಲ್ಲಿ ಕೊರೊನಾ ಹಬ್ಬಿ, ಎರಡನೇ ಪಂದ್ಯಕ್ಕೆ ಆಟಗಾರ್ತಿಯರೇ ಸಾಕಾಗದೆ ಹೊರಬಿತ್ತು. ಆತಿಥೇಯರ ಗತಿ ನೋಡಿ. ಹಾಗಾಗಿ 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿ ಆದದ್ದನ್ನು ಮಾವನಿಗೆ ಮರೆಯದೆ ಹೇಳಿ: ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ, ಅರ್ಹತಾ ಸುತ್ತು ಆಡಿ ಗೆದ್ದು ಭಾರತ ಮೊದಲ ಬಾರಿ ಏಷ್ಯಾ ಕಪ್‌ಗೆ ಟಿಕೆಟ್ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. 1983ರಲ್ಲಿ ಸೋಲಿಸಿದವರ ಮೇಲೇ.

ಪ್ರಶ್ನೆ: ಅತಿ ಹೆಚ್ಚು ಕಪ್ ಯಾರದ್ದು? ನೀವು ನೋಡಿದ ಒಳ್ಳೆ ಫೈನಲ್ ಯಾವುದು?
ಕಾಪು

ಅಮೆರಿಕ, ನಾಲ್ಕು (1991, 1999, 2015, 2019). ಜರ್ಮನಿ ಎರಡು (2003, 2007). ನಾರ್ವೆ 1995, ಜಪಾನ್ 2011, ಸ್ಪೇನ್ 2023. ಒಲಿಂಪಿಕ್ಸ್‌ನಲ್ಲೂ 1996ರಿಂದ ಇಲ್ಲಿಯವರೆಗೆ ಎಂಟರಲ್ಲಿ ಐದು ಚಿನ್ನ ಅಮೆರಿಕದ್ದೇ.

1999ರ ಫೈನಲ್ ಎಲ್ಲರಿಗೂ ಗೊತ್ತು: ರೋಸ್ ಬೌಲ್‌ನಲ್ಲಿ 90,185 ಜನ, ಚೀನಾ ಜೊತೆ 0-0, ಪೆನಾಲ್ಟಿಯಲ್ಲಿ 5-4, ಬ್ರ್ಯಾಂಡಿ ಚಾಸ್ಟೈನ್ ಜೆರ್ಸಿ ತೆಗೆದು ಮಂಡಿಯೂರಿದ ಫೋಟೊ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ 2011ರದ್ದು. ಫ್ರಾಂಕ್‌ಫರ್ಟ್‌ನಲ್ಲಿ ಆಟ, ನಮ್ಮಲ್ಲಿ ರಾತ್ರಿ ಹನ್ನೆರಡೂ ಕಾಲಿಗೆ ಶುರು. ಮಾರ್ಚ್‌ನಲ್ಲಿ ಸುನಾಮಿ ಬಂದು ಜಪಾನ್ ತತ್ತರಿಸಿತ್ತು. ಜುಲೈಯಲ್ಲಿ ಈ ಹುಡುಗಿಯರು ಪ್ರತಿ ಪಂದ್ಯ ಮುಗಿದ ಮೇಲೆ ಜಗತ್ತಿಗೆ ಥ್ಯಾಂಕ್ಸ್ ಹೇಳುವ ಬ್ಯಾನರ್ ಹಿಡಿದು ಮೈದಾನ ಸುತ್ತುತ್ತಿದ್ದರು. ಫೈನಲ್‌ನಲ್ಲಿ ಅಮೆರಿಕ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಜಪಾನ್ ಸಮ ಮಾಡಿತು. ಎರಡನೆಯದು 117ನೇ ನಿಮಿಷದಲ್ಲಿ. ಕಾರ್ನರ್‌ನಿಂದ ಬಂದ ಚೆಂಡಿಗೆ ಹೊಮಾರೆ ಸಾವಾ ಓಡಿಬಂದು ಪಾದದ ಹೊರಬದಿಯನ್ನು ಸುಮ್ನೆ ತಾಗಿಸಿದರು, ಅಷ್ಟೇ. ಪೆನಾಲ್ಟಿಯಲ್ಲಿ 3-1. ಸಾವಾಗೆ ಅದು ಐದನೇ ವಿಶ್ವಕಪ್.

ಪ್ರಶ್ನೆ: ಗೆದ್ದವರಿಗೆ ದುಡ್ಡು ಗಂಡಸರಷ್ಟೇ ಸಿಗುತ್ತದಾ?
ಬ್ಯಾಂಕ್ ಉದ್ಯೋಗಿ, ಉಡುಪಿ

ಇಲ್ಲ. ವಿಶ್ವಕಪ್‌ನಲ್ಲಿ ಹೆಂಗಸರಿಗೆ ಬಹುಮಾನದ ದುಡ್ಡು ಅಂತ ಶುರುವಾದದ್ದೇ 2007ರಲ್ಲಿ. 2019ರಲ್ಲಿ ಒಟ್ಟು 3 ಕೋಟಿ ಡಾಲರ್, 2023ರಲ್ಲಿ 11 ಕೋಟಿ. ಗಂಡಸರಿಗೆ 2022ರ ಕತಾರ್‌ನಲ್ಲಿ 44 ಕೋಟಿ. ನೀವು ಬ್ಯಾಂಕಿನವರು, ಉಳಿದ ಲೆಕ್ಕ ನೀವೇ ಮಾಡಿ. ಅಮೆರಿಕದ ಆಟಗಾರ್ತಿಯರು 2019ರಲ್ಲಿ ತಮ್ಮ ಫೆಡರೇಷನ್ ಮೇಲೆಯೇ ಕೇಸು ಹಾಕಿದರು. ಆ ವರ್ಷ ಲಿಯೋನ್‌ನಲ್ಲಿ ಫೈನಲ್ ಗೆದ್ದಾಗ ಗ್ಯಾಲರಿಯವರು ಕೂಗಿದ್ದು ತಂಡದ ಹೆಸರನ್ನಲ್ಲ, "ಸಮಾನ ವೇತನ" ಅಂತ. 2022ರಲ್ಲಿ 2.4 ಕೋಟಿ ಡಾಲರಿಗೆ ರಾಜಿಯಾಯಿತು, ಮುಂದೆ ಅಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಲೆಕ್ಕ ಅಂತ ಒಪ್ಪಂದವೂ ಆಯಿತು. ಮೆಕ್ಸಿಕೊದವರು 1971ರಲ್ಲಿ ಕೇಳಿದ್ದೂ ತಮ್ಮ ಪಾಲನ್ನೇ.

ಪ್ರಶ್ನೆ: ಮಗಳಿಗೆ 13 ವರ್ಷ. ಫುಟ್‌ಬಾಲ್ ಬಿಟ್ಟರೆ ಬೇರೆ ಮಾತಿಲ್ಲ. "ಕಬಡ್ಡಿ, ಥ್ರೋಬಾಲ್ ಆದರೆ ಸರ್ಟಿಫಿಕೇಟ್ ಆದರೂ ಸಿಗುತ್ತದೆ" ಅಂತ ಎಲ್ಲರೂ ಹೇಳಿ ನನ್ನ ಮಂಡೆ ಬಿಸಿ ಮಾಡಿದ್ದಾರೆ. ಇದರಲ್ಲಿ ದಾರಿ ಉಂಟಾ?
ತಾಯಿ, ಕಾರ್ಕಳ

ಉಂಟು, ಆದರೆ ಉದ್ದ ಉಂಟು. ಶಾಲೆ ಮಟ್ಟದಲ್ಲಿ ಸುಬ್ರೋತೊ ಕಪ್‌ಗೆ 17 ವರ್ಷದೊಳಗಿನ ಹುಡುಗಿಯರ ವಿಭಾಗ ಇದೆ, ಪಿಟಿ ಮೇಷ್ಟ್ರನ್ನು ಮೊದಲು ಇದನ್ನೇ ಕೇಳಿ. ದೊಡ್ಡವಳಾದ ಮೇಲೆ ಬೆಂಗಳೂರಿನಲ್ಲಿ ರಾಜ್ಯ ಮಹಿಳಾ ಲೀಗ್, ಅದರ ಮೇಲೆ 2016-17ರಲ್ಲಿ ಶುರುವಾದ ಇಂಡಿಯನ್ ವಿಮೆನ್ಸ್ ಲೀಗ್. ಅದರಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2022-23ರಲ್ಲಿ ರನ್ನರ್ ಅಪ್. ಫೈನಲ್‌ನಲ್ಲಿ ಸೋಲಿಸಿದ್ದು ಯಾರು ಗೊತ್ತಾ? ಕಲ್ಲಿಕೋಟೆಯ ಗೋಕುಲಂ ಕೇರಳ, ಸತತ ಮೂರನೇ ಪ್ರಶಸ್ತಿ.

ಕಷ್ಟವನ್ನೂ ಹೇಳಬೇಕು. 2022ರಲ್ಲಿ ಭಾರತದಲ್ಲೇ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಡೆದಾಗ ನಮ್ಮವರು ಅಮೆರಿಕ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ನಾಯಕಿ ಅಸ್ತಂ ಓರಾವ್ ಜಾರ್ಖಂಡಿನ ಹಳ್ಳಿಯವಳು. ಆ ಹುಡುಗಿಯರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಎದುರಿನ ತಂಡದವರು ಆರನೇ ವಯಸ್ಸಿನಿಂದ ಪ್ರತಿ ವಾರ ಪಂದ್ಯ ಆಡಿ ಬಂದವರು, ನಮ್ಮ ಹುಡುಗಿಯರಿಗೆ ವರ್ಷಕ್ಕೆ ಸಿಗುವ ಪಂದ್ಯಗಳೇ ಕಡಿಮೆ. ಮಳೆಗಾಲದಲ್ಲಿ ನೆಹರೂ ಮೈದಾನದ ಹತ್ತಿರ ಹೋದರೆ ಕೆಸರಿನಲ್ಲಿ ಆಡುವ ಗಂಡುಹುಡುಗರು ಎಷ್ಟು ಬೇಕು ಅಷ್ಟು. ಹುಡುಗಿಯರು ಕಾಣುವುದು ಅಪರೂಪ. ಹುಡುಗಿಯರ ತಂಡ ಸಿಗುವವರೆಗೆ ಹುಡುಗರ ಜೊತೆಯೇ ಆಡಲಿ, ಜಗತ್ತಿನ ದೊಡ್ಡ ಆಟಗಾರ್ತಿಯರಲ್ಲಿ ತುಂಬ ಮಂದಿ ಹಾಗೆಯೇ ಕಲಿತವರು. ಮಾರ್ತಾ ಕೂಡ. ಸರ್ಟಿಫಿಕೇಟ್ ಬಗ್ಗೆ ಹೇಳುವವರಿಗೆ ಫುಟ್‌ಬಾಲ್‌ನಲ್ಲೂ ಜಿಲ್ಲೆ, ರಾಜ್ಯ ಮಟ್ಟದ್ದು ಸಿಗುತ್ತದೆ ಅಂತ ಹೇಳಿ ಬಾಯಿ ಮುಚ್ಚಿಸಿ.

ಪ್ರಶ್ನೆ: ಮುಂದಿನ ವಿಶ್ವಕಪ್ ಯಾವಾಗ? ಎದ್ದು ನೋಡಬೇಕಾ?
ಬ್ರಹ್ಮಾವರ

2027ರ ಜೂನ್ 24ರಿಂದ ಜುಲೈ 25, ಬ್ರೆಜಿಲ್‌ನಲ್ಲಿ, 32 ತಂಡ. ದಕ್ಷಿಣ ಅಮೆರಿಕದಲ್ಲಿ ಮಹಿಳಾ ವಿಶ್ವಕಪ್ ಇದೇ ಮೊದಲು. ರಿಯೊ, ಸಾವೊ ಪೌಲೊ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರಕ್ಕೆ ಶುರುವಾದರೆ ಇಲ್ಲಿ ರಾತ್ರಿ ಎರಡೂವರೆ. ಆಗ ನಮ್ಮಲ್ಲಿ ಜೋರು ಮಳೆಗಾಲ ಬೇರೆ, ಕರೆಂಟ್ ನಂಬುವ ಹಾಗಿಲ್ಲ, ಇನ್ವರ್ಟರ್ ಬ್ಯಾಟರಿ ಮೇ ತಿಂಗಳಲ್ಲೇ ನೋಡಿಸಿಕೊಳ್ಳಿ.